ಗೊನೆಯಕ್ಕ ಹೇಮಾವತಿ

ನಮ್ಮೂರಲ್ಲಿ ಹೇಮಾವತಿಯನ್ನು ಬೈದವರಿಲ್ಲ. ಬಸವಾಪಟ್ಟಣದಿಂದ ಕತ್ತಲಗೆರೆ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಊರು ನಮ್ಮದು. ಇಲ್ಲಿ ಬೈಸಿಕೊಳ್ಳದೆ ಬದುಕಿದವರು ಅಪರೂಪ. ನನ್ನನ್ನೇ ನೋಡಿ, ಪಂಚಾಯ್ತಿ ಗ್ರಂಥಾಲಯದ ಬೀಗ ತೆಗೆಯುವುದು ಸ್ವಲ್ಪ ತಡವಾದರೆ ಸಾಕು, ಜನ್ಮದಲ್ಲಿ ಪುಸ್ತಕ ಮುಟ್ಟದವರೂ ನಿಂತು ಬೈಯುತ್ತಾರೆ. ಹೇಮಾವತಿಯ ಮಾತು ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ಜೇನು. "ಬಂಗಾರದಂಥ ಹೆಣ್ಮಗಳು" ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬಂಗಾರವನ್ನು ಜನ ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ಕಷ್ಟ ಬಂದಾಗ ಒಯ್ದು ಅಡವಿಡುತ್ತಾರೆ.

ಅವಳೂ ನಾನೂ ಒಂದೇ ಕ್ಲಾಸು. ಒಂದರಿಂದ ಏಳರವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವರು. ಅವಳು ನನಗಿಂತ ಜಾಣೆ. ಇದನ್ನು ಸೌಜನ್ಯಕ್ಕೆ ಹೇಳುತ್ತಿಲ್ಲ, ಸೌಜನ್ಯ ನನ್ನ ಜಾಯಮಾನವೇ ಅಲ್ಲ. ಬಾಯಿಲೆಕ್ಕದಲ್ಲಿ ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಅವಳ ಕೈ ಮೇಲೆ ಹೋಗಿರುತ್ತಿತ್ತು. ನಾನು ಅವಳ ಸ್ಲೇಟು ಇಣುಕಿ ನೋಡಿ ಬರೆದುಕೊಳ್ಳುತ್ತಿದ್ದೆ. ಇವತ್ತು ನಾನು ಗ್ರಂಥಾಲಯದ ಮೇಲ್ವಿಚಾರಕಿ, ಅವಳು ಅಡಿಕೆ ಸುಲಿಯುವವಳು. ಇದು ಹೇಗಾಯಿತು ಅನ್ನುವುದೇ ಅವಳ ಜೀವನಚರಿತ್ರೆ.

ನಾವು ಏಳನೇ ಕ್ಲಾಸಿಗೆ ಬಂದ ವರ್ಷ ಪಂಚಾಕ್ಷರಪ್ಪ ಮೇಷ್ಟ್ರು ಹೆಡ್‌ಮಾಸ್ಟರಾಗಿ ಬಂದರು. ಜಗಳೂರು ಕಡೆಯವರು, ಬಿಳಿ ಪ್ಯಾಂಟು, ಬಿಳಿ ಅಂಗಿ, ಮಕ್ಕಳನ್ನು ಹೊಡೆಯದ ಕೈ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು. ಏಳು ಕ್ಲಾಸಿಗೆ ಅವರನ್ನೂ ಸೇರಿಸಿ ಇಬ್ಬರೇ ಮೇಷ್ಟ್ರು. ಒಂದನೇ ಕ್ಲಾಸಿನ ಮಕ್ಕಳು ಅಳುತ್ತಾ ಕೂತರೆ ಮೂಗು ಒರೆಸುವವರೂ ಇರಲಿಲ್ಲ. ಅದಕ್ಕೆ ಅವರೊಂದು ಉಪಾಯ ಮಾಡಿದರು. ಕ್ಲಾಸಿಗೊಬ್ಬರಂತೆ ಏಳು ಮಕ್ಕಳನ್ನು ಸೇರಿಸಿ ಒಂದು ಗುಂಪು. ಅಡಿಕೆ ಸೀಮೆಯ ಶಾಲೆಯಲ್ಲವೇ, ಗುಂಪಿಗೆ 'ಗೊನೆ' ಅಂತ ಹೆಸರಿಟ್ಟರು. ಏಳನೇ ಕ್ಲಾಸಿನವರು ಗೊನೆಯಣ್ಣ, ಗೊನೆಯಕ್ಕ. ಸಣ್ಣವರಿಗೆ ಅಕ್ಷರ ತಿದ್ದಿಸುವುದು, ಗುಂಡಿ ಹಾಕಿಕೊಡುವುದು, ಊಟಕ್ಕೆ ಕೂರಿಸುವುದು, ಎಲ್ಲ ನಮ್ಮ ಕೆಲಸ.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಗೊನೆಗಳು ಸಾಲಾಗಿ ನಿಲ್ಲಬೇಕು. ಅಕ್ಕ ಮುಂದೆ ಬಂದು ತನ್ನ ಸಾಲಿಗೆ ಮುಖ ಮಾಡಿ ನಿಂತು ಎಣಿಸಬೇಕು. ಎಲ್ಲರೂ ಬಂದಿದ್ದರೆ "ಗೊನೆ ತುಂಬೈತೆ ಸಾರ್" ಅನ್ನಬೇಕು. ಯಾರಾದರೂ ತಪ್ಪಿಸಿಕೊಂಡಿದ್ದರೆ "ಒಂದು ಉದುರೈತೆ ಸಾರ್." ಉದುರಿದ್ದನ್ನು ಆರಿಸಿಕೊಂಡು ಬರುವುದೂ ಅಕ್ಕನದೇ ಕೆಲಸ, ಅವರ ಮನೆಗೆ ಓಡಬೇಕು. ತುಂಬಿದ ಗೊನೆಗೆ ಮಧ್ಯಾಹ್ನ ಮೊದಲ ಪಂಕ್ತಿಯಲ್ಲಿ ಊಟ. ಆಗಿನ್ನೂ ಬಿಸಿಯೂಟ ಹೊಸದು, ಮೊದಲ ಪಂಕ್ತಿಯವರಿಗೆ ಸಾರಿನಲ್ಲಿ ಬೇಳೆ ಸಿಗುತ್ತಿತ್ತು, ಕೊನೆಯವರಿಗೆ ಬರೀ ನೀರು. ಆ ಬೇಳೆಗಾಗಿ ಅಕ್ಕಂದಿರು ಮಾಡಿದ ಓಡಾಟವನ್ನು ಯಾವ ಚುನಾವಣೆಗೆ ನಿಂತವರೂ ಮಾಡಿರಲಾರರು.

ಈ ಏರ್ಪಾಟಿನಲ್ಲಿ ಒಂದು ತೂತಿತ್ತು. ಸಾಲಿನಲ್ಲಿರುವವರನ್ನು ಅಕ್ಕ ಎಣಿಸುತ್ತಿದ್ದಳು. ಅಕ್ಕನನ್ನು ಎಣಿಸುವವರು ಯಾರೂ ಇರಲಿಲ್ಲ. ಕರೆತರಲು ಹೋದ ಅಕ್ಕ ಶಾಲೆಯ ಕೆಲಸದ ಮೇಲೆ ಹೋಗಿದ್ದಾಳೆ ಅಂತ ಮೇಷ್ಟ್ರು ಅವಳ ಹೆಸರಿನ ಮುಂದೆ ಕಣ್ಣುಮುಚ್ಚಿ ಹಾಜರಿ ಹಾಕುತ್ತಿದ್ದರು.

ನನ್ನ ಗೊನೆ ಯಾವತ್ತೂ ತುಂಬಿದ್ದಿಲ್ಲ. ಒಂದನೇ ಕ್ಲಾಸಿನ ಹುಡುಗನೊಬ್ಬ ದಿನಾ ತಪ್ಪಿಸುತ್ತಿದ್ದ. ನಾನು ಅಂಗಡಿ ಮೂಲೆಯವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದು "ಜ್ವರ ಅಂತೆ ಸಾರ್" ಅನ್ನುತ್ತಿದ್ದೆ. ನೀರು ಸಾರು ಉಂಡೆ, ಕ್ಲಾಸಿನಲ್ಲಿ ಕೂತೆ, ಎಸ್ಸೆಸ್ಸೆಲ್ಸಿ ಪಾಸಾದೆ. ಸೋಮಾರಿತನಕ್ಕೆ ಇದಕ್ಕಿಂತ ದೊಡ್ಡ ಬಹುಮಾನ ಇನ್ನೇನು ಬೇಕು?

ಹೇಮಾವತಿಯ ಗೊನೆಯಲ್ಲಿ ಒಂದನೇ ಕ್ಲಾಸಿನವಳು ನುಜಹತ್. ಲಾರಿಗೆ ಮೂಟೆ ಹೊರುವ ಲಾಲ್‌ಸಾಬನ ಮಗಳು. ಮನೆಯಲ್ಲಿ ಉರ್ದು, ಕನ್ನಡದ ಒಂದಕ್ಷರ ಬರದು. ಶಾಲೆ ಶುರುವಾದ ಮೇಲೆ ಸ್ವಲ್ಪ ದಿನ ಬಂದಳು, ಅಡಿಕೆ ಕೊಯ್ಲು ಶುರುವಾಗುತ್ತಲೂ ನಿಂತುಬಿಟ್ಟಳು. ಹೇಮಾವತಿ ಹುಡುಕಿಕೊಂಡು ಹೋದರೆ ಕೇಣಿ ಮನೆಯಲ್ಲಿದ್ದಳು. ಕೇಣಿ ಮನೆ ಅಂದರೆ, ತೋಟಗಳ ಫಸಲನ್ನು ಮೊದಲೇ ಗುತ್ತಿಗೆ ಹಿಡಿದ ಸಾಹುಕಾರರು ಅಡಿಕೆ ಸುಲಿಸಿ, ಬೇಯಿಸಿ, ಒಣಗಿಸುವ ಜಾಗ. ದೊಡ್ಡ ತಗಡಿನ ಚಪ್ಪರ, ಅದರ ಕೆಳಗೆ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕಾಲು ಮಡಿಚಿ ಕೂತು ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಸುಲಿಯುತ್ತಾರೆ. ನುಜಹತಳ ತಾಯಿ ದಿಲ್‌ಶಾದ್ ಬೇಗಂ ಅಲ್ಲಿ ಸುಲಿಯುತ್ತಿದ್ದಳು. ಚಪ್ಪರದ ಕಂಬಕ್ಕೆ ಸೀರೆಯ ಜೋಲಿ ಕಟ್ಟಿ ಮಗು ಜಮೀರನನ್ನು ಮಲಗಿಸಿದ್ದಳು. ಆರು ವರ್ಷದ ನುಜಹತ್ ಆ ಜೋಲಿ ತೂಗುತ್ತಾ ನಿಂತಿದ್ದಳು.

"ನುಜಹತನ್ನ ಕಳಿಸ್ರಿ ದಿಲ್‌ಶಾದಮ್ಮ, ನಮ್ಮ ಗೊನೆ ತುಂಬಂಗಿಲ್ಲ" ಅಂದಳಂತೆ ಹೇಮಾವತಿ.

ದಿಲ್‌ಶಾದ್ ಕೈ ನಿಲ್ಲಿಸದೆಯೇ ಹೇಳಿದಳು: "ಕರ್ಕೊಂಡು ಹೋಗಮ್ಮಾ, ಬ್ಯಾಡ ಅಂದೋರು ಯಾರು? ಮಗೂನ ಯಾರು ತೂಗ್ತಾರೆ? ನಿಮ್ಮ ಮೇಷ್ಟ್ರು ಬಂದು ತೂಗ್ತಾರಾ?"

ಹೆಂಗಸರೆಲ್ಲ ನಕ್ಕರು. ಹೇಮಾವತಿ ನಗಲಿಲ್ಲ. ನುಜಹತಳ ಕೈ ಹಿಡಿದು ಶಾಲೆಗೆ ಕರೆತಂದು ಸಾಲಿನಲ್ಲಿ ನಿಲ್ಲಿಸಿದಳು. ಆಮೇಲೆ ಆರನೇ ಕ್ಲಾಸಿನ ಕಲ್ಲೇಶನಿಗೆ "ನೀನು ಎಣಿಸಿ ಹೇಳು" ಅಂತ ಒಪ್ಪಿಸಿ, ತಾನು ವಾಪಸ್ ಕೇಣಿ ಮನೆಗೆ ಓಡಿ ಜೋಲಿ ಹಿಡಿದಳು. ಮರುದಿನವೂ ಹಾಗೇ, ಅದರ ಮರುದಿನವೂ. ಮೊದಮೊದಲು ಒಂದು ದಿನ ಬಿಟ್ಟು ಒಂದು ದಿನ ಅಂದುಕೊಂಡಿದ್ದಳು. ಆದರೆ ಒಂದು ದಿನ ಬಿಟ್ಟರೆ ಆ ದಿನ ಗೊನೆ ಉದುರುತ್ತಿತ್ತು, ಉಳಿದ ಐದು ಮಕ್ಕಳು ನೀರು ಸಾರು ಉಣ್ಣಬೇಕಾಗುತ್ತಿತ್ತು, ಅವಳ ಕಡೆ ನೋಡುತ್ತಿದ್ದರು. ಆ ನೋಟ ಅವಳಿಗೆ ತಡೆಯಲಾಗುತ್ತಿರಲಿಲ್ಲ.

"ಗೊನೆ ತುಂಬೈತೆ ಸಾರ್" ಅಂತ ಕಲ್ಲೇಶ್ ದಿನಾ ಕೂಗುತ್ತಿದ್ದ. ಮೇಷ್ಟ್ರಿಗೆ ತಿಳಿಯದೆ ಇರಲಿಲ್ಲ. ಹೇಮಾವತಿಯ ತಾಯಿ ಒಮ್ಮೆ ಶಾಲೆಗೆ ಬಂದು, "ಸಾರ್, ನನ್ನ ಮಗಳು ಪುಸ್ತಕಾನೇ ಮುಟ್ಟಂಗಿಲ್ಲ, ಕೇಣಿ ಮನೇಲೇ ಇರ್ತಾಳೆ" ಅಂದಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೇಷ್ಟ್ರು ಸಮಾಧಾನ ಹೇಳಿದರು: "ಜಾಣೆ ಹುಡುಗಿ ತಾಯಿ. ಸೀಜನ್ ಮುಗೀಲಿ, ಹಿಂದಿನದ್ದೆಲ್ಲ ಹಿಡಿದು ಬಿಡ್ತಾಳೆ. ದಡ್ಡರಾಗಿದ್ರೆ ನಾನು ಬಿಡ್ತಿರ್ಲಿಲ್ಲ." ಜಾಣತನದ ಬೆಲೆ ಅಷ್ಟು, ನೋಡಿ. ದಡ್ಡಿಯನ್ನು ಕಾಯುತ್ತಾರೆ, ಜಾಣೆಯನ್ನು ಖರ್ಚು ಮಾಡುತ್ತಾರೆ.

ಅಡಿಕೆ ಸೀಜನ್ ನಮ್ಮ ಕಡೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲ ಕೊಯ್ಲು, ಎರಡನೇ ಕೊಯ್ಲು, ಮೂರನೇದು ಅಂತ ಹಬ್ಬಗಳನ್ನೆಲ್ಲ ದಾಟಿ ಹೋಗುತ್ತದೆ. ಜೋಲಿ ತೂಗುವವಳ ಒಂದು ಕೈ ಖಾಲಿ ಅಲ್ಲವೇ? "ಸುಮ್ನೆ ಕುಂತೀಯಲ್ಲ, ಒಂದು ಕತ್ತಿ ಹಿಡಿ" ಅಂದರು ಸಾಹುಕಾರರು. ಕಾಲ ಹೆಬ್ಬೆರಳಿಗೆ ಜೋಲಿಯ ಹಗ್ಗ ಕಟ್ಟಿಕೊಂಡು ಅವಳು ಸುಲಿಯಲು ಶುರು ಮಾಡಿದಳು. ಲೆಕ್ಕದಲ್ಲಿ ಚುರುಕಾಗಿದ್ದ ಕೈ ಅಡಿಕೆಯಲ್ಲೂ ಚುರುಕಾಯಿತು. ಕೂಲಿ ಮನೆಗೆ ಹೋಗತೊಡಗಿದ ಮೇಲೆ ತಾಯಿ ಶಾಲೆಗೆ ಬಂದು ದೂರುವುದನ್ನೂ ಬಿಟ್ಟಳು. ಸಂಜೆ ಮಾತ್ರ ಹೇಮಾವತಿ ನುಜಹತಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಡುತ್ತಿದ್ದಳು. ಕತ್ತಿ, ಜೋಲಿ, ಸಿಪ್ಪೆ, ಚಪ್ಪರ, ಕಣ್ಣಿಗೆ ಬಿದ್ದದ್ದನ್ನೆಲ್ಲ ತೋರಿಸಿ ಹೇಳಿಸುತ್ತಿದ್ದಳು, ಕಡ್ಡಿಯಿಂದ ನೆಲದಲ್ಲಿ ಬರೆಸುತ್ತಿದ್ದಳು. ಬೇಸಿಗೆ ಹೊತ್ತಿಗೆ ನುಜಹತ್ ನಮಗಿಂತ ಚೆನ್ನಾಗಿ ಓದುತ್ತಿದ್ದಳು.

ಜನವರಿಯ ಧ್ವಜಾರೋಹಣದ ದಿನ ಮೇಷ್ಟ್ರು ಹೇಮಾವತಿಯನ್ನು ಮುಂದೆ ಕರೆದು, "ತ್ಯಾಗ ಅಂದ್ರೆ ಇದು" ಅಂತ ಭಾಷಣ ಮಾಡಿ ಒಂದು ಸ್ಟೀಲ್ ತಟ್ಟೆ ಕೊಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನಗೆ ಹೊಟ್ಟೆಕಿಚ್ಚೂ ಆಯಿತು.

ಬಸವಾಪಟ್ಟಣದ ಹೈಸ್ಕೂಲಿಗೆ ಸೇರಿದ ಮೇಲೆ ಗೊತ್ತಾಯಿತು ತಟ್ಟೆಯ ಬೆಲೆ. ಗಣಿತದ ಮೇಷ್ಟ್ರು ಭಿನ್ನರಾಶಿಯ ಲೆಕ್ಕ ಕೊಟ್ಟು ಅವಳನ್ನು ಬೋರ್ಡಿಗೆ ಕರೆದರು. ಅವಳು ಸೀಮೆಸುಣ್ಣ ಹಿಡಿದು ನಿಂತೇ ನಿಂತಳು. ಒಂದು ವರ್ಷ ನಾವೆಲ್ಲ ಕಲಿತದ್ದು ಅವಳಿಗೆ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲೂ ಹಾಗೆ, ವಿಜ್ಞಾನದಲ್ಲೂ ಹಾಗೆ. "ಏಳನೇ ಕ್ಲಾಸು ಪಾಸಾಗಿ ಬಂದೀಯೋ, ಸಂತೆಗೆ ಬಂದೀಯೋ?" ಅಂದರು ಮೇಷ್ಟ್ರು. ಬೇರೆ ಊರಿನ ಮಕ್ಕಳು ನಕ್ಕರು. ಮೊದಲು ಎತ್ತಿದ ಕೈ ಇಳಿಸಿಯೇ ಗೊತ್ತಿಲ್ಲದವಳು ಆ ದಿನ ಬಸ್ಸಿನಲ್ಲಿ ಊರು ಬರುವತನಕ ತಲೆ ಎತ್ತಲಿಲ್ಲ. ದಸರಾ ರಜೆ ಕಳೆದು ಶಾಲೆ ಶುರುವಾದಾಗ ಅವಳು ಬರಲಿಲ್ಲ. ಕೇಣಿ ಮನೆಯಲ್ಲಿ ಸೀಜನ್ ಜೋರಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಗಾದೆ ಇದೆ. ಅಡಿಕೆಗೆ ಹೋದ ಓದಿನ ಬಗ್ಗೆ ಯಾರೂ ಗಾದೆ ಕಟ್ಟಲಿಲ್ಲ.

ಅಲ್ಲಿಂದಾಚೆಗೆ ಅವಳ ಬದುಕಿನಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ ಅಂತ ಊರವರು ಹೇಳಿಯಾರು. ಟೆಂಪೋ ಓಡಿಸುವ ನಿಂಗರಾಜನೊಂದಿಗೆ ಮದುವೆಯಾಯಿತು. ಕುಡಿಯುವುದಿಲ್ಲ ಅನ್ನುವುದೇ ಅವನ ದೊಡ್ಡ ಗುಣ. ರೂಪಶ್ರೀ ಹುಟ್ಟಿದಳು, ಎಷ್ಟೋ ವರ್ಷದ ಮೇಲೆ ಗಂಡು ಮಗು ಓಂಕಾರ್ ಹುಟ್ಟಿದ. ಸುಲಿಯುವ ಮಷಿನು ಬಂತು, ಮಷಿನು ಬಿಟ್ಟದ್ದನ್ನು ಸುಲಿಯಲು, ಆರಿಸಲು ಇವಳು ಉಳಿದಳು. ಅಡಿಕೆ ಬೆಂದು ಇಳಿಯುವ ಕೆಂಪು ರಸ, ಚೊಗರು, ಅವಳ ಬೆರಳುಗಳಿಗೆ ಹತ್ತಿ, ಉಗುರಿನ ಸುತ್ತ ಕಪ್ಪು ಹೋಗುವುದೇ ಇಲ್ಲ.

ಅತ್ತ ನುಜಹತ್ ಓದುತ್ತಾ ಹೋದಳು. ಚನ್ನಗಿರಿಯಲ್ಲಿ ಪಿಯುಸಿ, ಡಿಗ್ರಿ, ಆಮೇಲೆ ಬಿ.ಎಡ್. ಪ್ರತಿ ಸಲ ರಿಸಲ್ಟ್ ಬಂದಾಗಲೂ ಪೇಡೆಯ ಡಬ್ಬಿ ಹಿಡಿದು ಮೊದಲು ಹೇಮಾವತಿಯ ಮನೆಗೇ ಬರುತ್ತಿದ್ದಳು. "ಅಕ್ಕಾ, ನಿಮ್ಮ ಆಶೀರ್ವಾದ" ಅನ್ನುತ್ತಿದ್ದಳು. ಹೇಮಾವತಿ ಪೇಡೆ ತಿಂದು, "ಚೆನ್ನಾಗಿ ಓದು" ಅನ್ನುತ್ತಿದ್ದಳು. ತಾನು ಕಳೆದುಕೊಂಡದ್ದನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ನನಗಾದರೆ ತಡೆಯುತ್ತಿರಲಿಲ್ಲ, ಮೊದಲ ಪೇಡೆಯ ದಿನವೇ ಹೇಳಿಬಿಡುತ್ತಿದ್ದೆ.

ಹೇಮಾವತಿಗೆ ಉಳಿದಿದ್ದ ಆಸೆ ಒಂದೇ. ರೂಪಶ್ರೀ ಏಳನೇ ಕ್ಲಾಸನ್ನು ಒಂದು ದಿನವೂ ತಪ್ಪಿಸದೆ, ಮುಂದಿನ ಬೆಂಚಿನಲ್ಲಿ ಕೂತು ಮುಗಿಸಬೇಕು. ಡಾಕ್ಟರಾಗಲಿ, ಆಫೀಸರಾಗಲಿ ಅಂತೆಲ್ಲ ಅವಳು ಅಂದವಳೇ ಅಲ್ಲ. ಆ ಒಂದು ವರ್ಷ ಕೈತಪ್ಪಬಾರದು, ಅಷ್ಟೇ. ಸಂಜೆ ಮಗಳ ಪಕ್ಕ ಕೂತು ಪುಸ್ತಕ ನೋಡುತ್ತಿದ್ದಳು. ಹೋದ ವರ್ಷ ಮಗಳಿಂದ ಭಿನ್ನರಾಶಿ ಕೂಡಿಸುವುದನ್ನು ಕಲಿತಳಂತೆ, ನಮ್ಮ ಕಾಲದಲ್ಲಿ ಏಳರಲ್ಲಿದ್ದ ಪಾಠ ಈಗ ಆರರಲ್ಲೇ ಬರುತ್ತದೆ. "ಇಷ್ಟೇನಾ ಸುಧಾ ಇದು?" ಅಂತ ನನ್ನ ಗ್ರಂಥಾಲಯದ ಕಟ್ಟೆಯ ಮೇಲೆ ಕೂತು ಕೇಳಿದಳು. "ಇಷ್ಟಕ್ಕೇ ನಾನು ಶಾಲೆ ಬಿಟ್ಟಿದ್ದಾ?" ನನಗೆ ಅಳು ಬಂತು, ಅದನ್ನು ತೋರಿಸಿಕೊಳ್ಳದೆ ಪೇಪರ್ ಮಡಿಚಿಟ್ಟೆ.

ಈ ವರ್ಷ ಜೂನಿನಲ್ಲಿ ರೂಪಶ್ರೀ ಏಳನೇ ಕ್ಲಾಸಿಗೆ ಬಂದಳು. ಅದೇ ಜೂನಿನಲ್ಲಿ, ಜಗಳೂರು ಕಡೆಯ ಶಾಲೆಯಲ್ಲಿದ್ದ ನುಜಹತ್ ನಿಯೋಜನೆಯ ಮೇಲೆ ನಮ್ಮೂರ ಶಾಲೆಗೆ ಟೀಚರಾಗಿ ಬಂದಳು. ಹೇಮಾವತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಗಳ ಕೈಯಲ್ಲಿ ಮಲ್ಲಿಗೆ ದಂಡೆ ಕೊಟ್ಟು ಕಳಿಸಿದ್ದಳು.

ಜುಲೈನಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದರು. ನನ್ನ ಮಗ ಅಲ್ಲೇ ಓದುವುದರಿಂದ ನಾನೂ ಸದಸ್ಯೆ. ಅಧ್ಯಕ್ಷ ಯಾರು ಅಂದುಕೊಂಡಿರಿ? ಅಂದು ದಿನಾ "ಗೊನೆ ತುಂಬೈತೆ" ಅಂತ ಕೂಗುತ್ತಿದ್ದ ಕಲ್ಲೇಶ್. ಈಗ ಹೊಟ್ಟೆ ಬಂದಿದೆ, ಗೊಬ್ಬರದ ಅಂಗಡಿ ಇದೆ. ಪೋಷಕರೆಲ್ಲ ಬಂದು ಕೂತರು. ಸೀಜನ್ನಿಗೆ ಮುಂಚೆ ಕೇಣಿ ಮನೆ ಗುಡಿಸಿ ಸಾರಿಸುತ್ತಿದ್ದ ಹೇಮಾವತಿ ಅಲ್ಲಿಂದ ನೇರ ಬಂದು ಹಿಂದೆ ಕೂತಳು.

ನುಜಹತ್ ಎದ್ದು ನಿಂತು ಮಾತಾಡಿದಳು. "ನಂಗೆ ಕನ್ನಡ ಬರ್ತಿರ್ಲಿಲ್ಲ. ಶಾಲೆ ಅಂದ್ರೆ ಹೆದ್ರಿಕೆ. ಹೇಮಕ್ಕ ದಿನಾ ಬಂದು ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ರು. ಅವರು ಇಲ್ದಿದ್ರೆ ನಾನಿವತ್ತು ಎಲ್ಲಿರ್ತಿದ್ದೆ ಅಂತ ಅಲ್ಲಾಹ್‌ಗೇ ಗೊತ್ತು. ಅದಕ್ಕೇ ನಮ್ಮ ಶಾಲೇಲಿ ಗೊನೆ ಮತ್ತೆ ಶುರು ಮಾಡ್ತಾ ಇದೀವಿ. ಮೊದಲನೇ ಗೊನೆಗೆ ಅಕ್ಕ ಯಾರು ಗೊತ್ತಾ? ಹೇಮಕ್ಕನ ಮಗಳು, ನಮ್ಮ ರೂಪಶ್ರೀ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ರೂಪಶ್ರೀಯ ಮುಖ ಅರಳಿತು. ಹೇಮಾವತಿ ಎದ್ದು ನಿಂತಳು. ಕೃತಜ್ಞತೆ ಹೇಳುತ್ತಾಳೆ ಅಂತ ಜನ ತಿರುಗಿ ನೋಡಿದರು.

"ಬ್ಯಾಡ್ರಿ ಟೀಚರ್" ಅಂದಳು.

"ಯಾಕಕ್ಕಾ?"

"ನನ್ನ ಮಗಳು ಶಾಲೆಗೆ ಓದಾಕೆ ಬರ್ತಾಳೆ. ಯಾರ್ನೂ ತರಾಕೆ ಬರಲ್ಲ."

ಕಲ್ಲೇಶ್ ನಕ್ಕ. "ಏ ಹೇಮಕ್ಕಾ, ಮರ್ಯಾದೆ ಕೊಡಾಕೆ ಬಂದ್ರೆ ಬ್ಯಾಡ ಅಂತೀಯಲ್ಲ. ಊರಾಗೆಲ್ಲ ನಿನ್ನ ಹೆಸರು ಹೇಳ್ತಾರೆ."

"ನೀನು ಸುಮ್ನಿರು ಕಲ್ಲೇಶಿ. ದಿನಾ ಎಣಿಸ್ತಿದ್ದೋನು ನೀನು. ನಿನ್ನ ಲೆಕ್ಕದಾಗೆ ನಾನಿದ್ನಾ?"

ಹೇಮಾವತಿ ನುಜಹತಳ ಕಡೆ ತಿರುಗಿದಳು. ಟೀಚರ್ ಅನ್ನುವುದು ಬಿಟ್ಟುಹೋಯಿತು.

"ನಿನ್ನ ತಂದು ಸಾಲಿನಾಗೆ ನಿಲ್ಸಿ ನಾನು ಎಲ್ಲಿಗೆ ಹೋಗ್ತಿದ್ದೆ, ಗೊತ್ತೈತೇನು ನುಜಹತ್?"

"ಏಳನೇ ಕ್ಲಾಸಿಗೆ..." ಅಂದಳು ನುಜಹತ್.

"ಕೇಣಿ ಮನೆಗೆ. ನಿಮ್ಮ ಜಮೀರನ್ನ ತೂಗಾಕೆ. ನೀನು ಶಾಲೇಲಿದ್ದಿ ಅಂದ್ರೆ ನಾನು ಅಲ್ಲಿದ್ದೆ ಅಂತ. ಆ ವರ್ಷ ಪೂರ್ತಿ ನಾನು ಕಲ್ತಿದ್ದು ಅಡಿಕೆ ಸುಲಿಯಾದು ಒಂದೇ." ಅವಳು ಎರಡೂ ಕೈ ಮುಂದೆ ಚಾಚಿದಳು. "ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಂತೆ. ಆ ಆಳ ನಾನು ನೋಡೀನಿ. ನನ್ನ ಮಗಳು ನೋಡಾದು ಬ್ಯಾಡ."

ನುಜಹತ್ ಕುರ್ಚಿಯ ಮೇಲೆ ಕುಸಿದು ಕೂತಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಸಂಜೆ ಕೇಣಿ ಮನೆಯಲ್ಲಿ ಅಕ್ಕನನ್ನು ಕಂಡಾಗ ಶಾಲೆ ಬಿಟ್ಟ ಮೇಲೆ ಬಂದಳು ಅಂದುಕೊಂಡಿದ್ದ ಆರು ವರ್ಷದ ಕೂಸು ಅದು. ಬಡತನಕ್ಕೆ ಓದು ಬಿಟ್ಟಳು ಅಂತ ತಿಳಿದಿದ್ದಳಂತೆ. ಸಭೆ ಮುಗಿದ ಮೇಲೆ ಹೆಂಗಸರು ಗುಸುಗುಸು ಮಾಡಿಕೊಂಡರು: ಅಷ್ಟು ವರ್ಷದ ಮಾತನ್ನು ಎಲ್ಲರ ಮುಂದೆ ಎತ್ತಬಾರದಿತ್ತು, ಪಾಪ ಆ ಹುಡುಗಿಗೆ ಎಷ್ಟು ಬೇಜಾರಾಯಿತೋ ಅಂತ. ಬಂಗಾರದಂಥ ಹೆಣ್ಮಗಳು ಅಂತ ಅಂದು ಯಾರೂ ಅನ್ನಲಿಲ್ಲ. ನನಗೆ ಅವಳ ಮೇಲೆ ಅಂಥ ಅಭಿಮಾನ ಹಿಂದೆಂದೂ ಬಂದಿರಲಿಲ್ಲ.

ರೂಪಶ್ರೀ ತಾಯಿಯ ಜೊತೆ ಮಾತು ಬಿಟ್ಟಳು. ಸಂಜೆ ನುಜಹತ್ ಹೇಮಾವತಿಯ ಮನೆಗೆ ಬಂದಾಗ ನಾನೂ ಅಲ್ಲಿದ್ದೆ.

"ಅಕ್ಕಾ, ನಂಗೆ ಅಮ್ಮಿ ಯಾವತ್ತೂ ಹೇಳ್ಲಿಲ್ಲ" ಅಂದಳು. ಅವಳ ತಾಯಿ ಈಗ ಹೊನ್ನಾಳಿಯಲ್ಲಿ, ಬೈಕ್ ರಿಪೇರಿ ಅಂಗಡಿ ಇಟ್ಟಿರುವ ಜಮೀರನ ಜೊತೆ ಇದ್ದಾಳೆ. "ಗೊನೆ ಗಿನೆ ಏನೂ ಬೇಡ, ಬಿಟ್ಟುಬಿಡ್ತೀನಿ."

"ಬಿಡಬ್ಯಾಡ. ಸಣ್ಣ ಮಕ್ಕಳಿಗೆ ಅದು ಒಳ್ಳೇದೇ. ನಿನ್ನೇ ನೋಡಿದ್ರೆ ಗೊತ್ತಾಗಲ್ವಾ? ಹಾಜರಿ ಹಾಕುವಾಗ ಅಕ್ಕನ್ನ ಮೊದ್ಲು ಎಣಿಸು, ಅಷ್ಟು ಮಾಡು."

"ಮಾಡ್ತೀನಿ ಅಕ್ಕಾ. ಆಣೆ."

ಏಳನೇ ಕ್ಲಾಸಿನಲ್ಲಿ ಮಕ್ಕಳು ಕಡಿಮೆ, ಇದ್ದವರೆಲ್ಲ ಬೇರೆ ಗೊನೆಗಳಿಗೆ ಹಂಚಿಹೋಗಿದ್ದರು. ಮೊದಲ ಗೊನೆಗೆ ಆರನೇ ಕ್ಲಾಸಿನ ಮಮತಾಳನ್ನು ಅಕ್ಕನನ್ನಾಗಿ ಮಾಡಿದರು. ರೂಪಶ್ರೀ ಅದರಲ್ಲಿ ಬರೀ ಒಬ್ಬಳು. ಮಮತಾ ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವ ಹುಡುಗಿ. ಅಪ್ಪ ಅಮ್ಮ ಜಗಳೂರು ತಾಲ್ಲೂಕಿನಲ್ಲಿ ಮೆಕ್ಕೆಜೋಳ, ಕುರಿ ಅಂತ ಇರುವವರು, ಅಡಿಕೆ ಸೀಜನ್ನಿನಲ್ಲಿ ಮಾತ್ರ ಸುಲಿಯಲು ನಮ್ಮ ಕಡೆ ಬರುತ್ತಾರೆ. ಸಭೆಗೆ ಅವಳ ಪರವಾಗಿ ಯಾರೂ ಬಂದಿರಲಿಲ್ಲ, ಬೇಡ ಅನ್ನುವವರೂ ಇರಲಿಲ್ಲ. ಸಣಕಲು ಹುಡುಗಿ, ಸದಾ ನಗು, ಯಾರು ಏನು ಹೇಳಿದರೂ "ಹೂಂ ಅಕ್ಕಾ" ಅಂತ ಓಡುತ್ತಿದ್ದಳು. ಸಂಜೆ ಗ್ರಂಥಾಲಯಕ್ಕೆ ಬಂದು ಚಿತ್ರದ ಪುಸ್ತಕ ಓದುತ್ತಿದ್ದಳು, ಓದಿದ್ದನ್ನು ನನಗೆ ಒಪ್ಪಿಸದೆ ಹೋಗುತ್ತಿರಲಿಲ್ಲ.

ಹೇಮಾವತಿಯ ಓಂಕಾರನನ್ನು ನೋಡಿಕೊಳ್ಳುತ್ತಿದ್ದದ್ದು ಅವಳ ಅತ್ತೆ ಕಸ್ತೂರಮ್ಮ. ಸೀಜನ್ ಶುರುವಾಗುತ್ತಲೇ ಕಸ್ತೂರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನ್ಯಾಮತಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಅಂಗನವಾಡಿಗೆ ಸೇರಿಸಲು ಓಂಕಾರನಿಗೆ ಇನ್ನೂ ವಯಸ್ಸಾಗಿಲ್ಲ. ಕೇಣಿ ಮನೆಗೆ ಕರೆದೊಯ್ಯೋಣ ಅಂದರೆ, ಬೇಯಿಸುವ ಕೊಪ್ಪರಿಗೆಗಳ ಹತ್ತಿರ ನಡೆಯುವ ಮಕ್ಕಳನ್ನು ಬಿಡುವುದಿಲ್ಲ ಅಂತ ಸಾಹುಕಾರರು ಖಡಾಖಂಡಿತ ಹೇಳಿದರು. ಅದು ತಪ್ಪೂ ಅಲ್ಲ. ಹೇಮಾವತಿ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ವರ್ಷದ ದುಡಿಮೆಯೆಲ್ಲ ಆ ಸೀಜನ್ನಿನಲ್ಲೇ. ನಾಳೆಯೂ ಬರದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಅಂತ ಮೇಸ್ತ್ರಿ ಹೇಳಿ ಕಳಿಸಿದ. ನಿಂಗರಾಜ ಟೆಂಪೋದಿಂದ ಇಳಿಯದೆಯೇ ತೀರ್ಪು ಕೊಟ್ಟ: "ರೂಪ ಇರ್ಲಿ ಬಿಡು ಮನೇಲಿ. ಸೀಜನ್ ಆದ್ಮೇಲೆ ಓದ್ಕೊಳ್ತಾಳೆ."

ಮರುದಿನ ಹೇಮಾವತಿ ಕೇಣಿ ಮನೆಗೆ ಹೋದಳು, ರೂಪಶ್ರೀ ಮನೆಯಲ್ಲುಳಿದಳು. ಅದರ ಮರುದಿನ ಬೆಳಿಗ್ಗೆ ಮಮತಾ ಅವರ ಬಾಗಿಲಿಗೆ ಬಂದಳು. ಮನೆಗೆ ಹೋಗಿ ಕರೆತರಬಾರದು ಅಂತ ನುಜಹತ್ ಎಷ್ಟು ಹೇಳಿದ್ದರೂ ಮಕ್ಕಳು ಕೇಳುತ್ತವೆಯೇ? ಗ್ರಂಥಾಲಯ ಅವರ ಮನೆಯ ಎದುರಿಗೇ ಇದೆ. ನಾನು ಬೀಗ ತೆಗೆಯುತ್ತಾ ಕೇಳಿಸಿಕೊಂಡೆ.

"ಅಮ್ಮಾ, ರೂಪಕ್ಕನ್ನ ಕಳಿಸ್ರಿ. ನೀವು ಬರೋತಂಕ ಪಾಪೂನ ನಾನು ನೋಡ್ಕೋತೀನಿ."

ಹೇಮಾವತಿ ಬುತ್ತಿಯ ಡಬ್ಬಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಬೈದು ಅಟ್ಟುತ್ತಾಳೆ ಅಂತ ನಾನು ಕಾದೆ. ದೇವರಾಣೆ, ಕಾದೆ. ಅವಳು ಮಮತಾಳ ಮುಖ ನೋಡಿದಳು, ಒಳಗೆ ಯೂನಿಫಾರ್ಮ್ ಹಾಕದೆ ಕೂತಿದ್ದ ಮಗಳನ್ನು ನೋಡಿದಳು. ಆಮೇಲೆ ಓಂಕಾರನನ್ನು ಎತ್ತಿ ಮಮತಾಳ ಸೊಂಟದ ಮೇಲೆ ಕೂರಿಸಿದಳು.

"ರೂಪಾ, ಎದ್ದು ಶಾಲೆಗೆ ಹೋಗೇ" ಅಂದಳು.

ನಾನು ಬೀಗದ ಕೈ ಅಲ್ಲೇ ಬಿಟ್ಟು ದಾರಿಯಲ್ಲಿ ಅವಳನ್ನು ಅಡ್ಡಗಟ್ಟಿದೆ. "ಏನೇ ಹೇಮಾ ಇದು? ಅದು ಆರನೇ ಕ್ಲಾಸಿನ ಕೂಸು ಕಣೇ."

"ಗೊತ್ತೈತೆ."

"ಗೊತ್ತಿದ್ದೂ..."

"ಗೊತ್ತಿದ್ದೇ ಮಾಡೀನಿ" ಅಂದಳು. ಧ್ವನಿ ಎತ್ತಲಿಲ್ಲ. "ದಿಲ್‌ಶಾದಮ್ಮಗೆ ಪಾಪ ಗೊತ್ತಿರ್ಲಿಲ್ಲ, ಏನು ಹೋಗ್ತೈತೆ ಅಂತ. ನಂಗೆ ಗೊತ್ತೈತೆ. ನೀನು ಬೈಯಿ ಸುಧಾ, ಬೈಸ್ಕೊತೀನಿ. ನನ್ನ ಮಗಳ ಏಳನೇ ಕ್ಲಾಸು ಹೋಗಾಕೆ ಬಿಡಲ್ಲ."

ಬೈಯಲು ನನ್ನ ನಾಲಗೆಗೆ ಎಂದೂ ಬರ ಬಂದದ್ದಿಲ್ಲ. ಅಂದು ಒಂದು ಮಾತೂ ಹೊರಡಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಆ ಮಗುವನ್ನು ಅನ್ನಬಹುದಿತ್ತು. ಗ್ರಂಥಾಲಯದ ಮೂಲೆಯಲ್ಲಿ ಒಂದು ಮಗು ಆಡಿಕೊಂಡಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಅದು ನನಗೆ ಹೊಳೆದದ್ದು ಅವಳು ತಿರುವಿನಲ್ಲಿ ಮರೆಯಾದ ಮೇಲೆ. ಹೊಳೆದ ಮೇಲೂ ನಾನು ಹಿಂದೆ ಓಡಲಿಲ್ಲ.

ನುಜಹತ್ ಆಣೆ ಮರೆತಿರಲಿಲ್ಲ. ಅಕ್ಕನನ್ನು ಮೊದಲು ಎಣಿಸಿದಳು, ಮಮತಾ ಇರಲಿಲ್ಲ. ಮಧ್ಯಾಹ್ನ ತಾನೇ ಹುಡುಕಿಕೊಂಡು ಬಂದಳು. ಹೇಮಾವತಿಯ ಮನೆಯ ಕಟ್ಟೆಯ ಮೇಲೆ ಮಮತಾ ಮಗುವಿಗೆ ಅನ್ನ ಉಣ್ಣಿಸುತ್ತಿದ್ದಳು. ಮನೆ ಯಾರದು, ಮಗು ಯಾರದು ಅಂತ ನುಜಹತಳಿಗೆ ಹೇಳಬೇಕಾಗಿರಲಿಲ್ಲ. ಬಿಸಿಲಲ್ಲಿ ಸುಮ್ಮನೆ ನಿಂತಳು. ಮಮತಾಳನ್ನು ಕರೆದೊಯ್ದರೆ ನಾಳೆ ರೂಪಶ್ರೀ ಬರುವುದಿಲ್ಲ. ಹೇಮಾವತಿಯ ಋಣ ತೀರಿಸಲು ಅವಳಿಗಿದ್ದ ದಾರಿ ರೂಪಶ್ರೀಯ ಓದೊಂದೇ. "ಉಂಡ್ಯೇನೇ?" ಅಂತ ಮಮತಾಳನ್ನು ಕೇಳಿದಳು. "ಹೂಂ ಟೀಚರ್" ಅಂದಳು ಅವಳು. ನುಜಹತ್ ಸೆರಗಿನಿಂದ ಮುಖ ಒರೆಸಿಕೊಂಡು ಶಾಲೆಯ ಕಡೆ ಹೊರಟಳು. ನನ್ನ ಕಿಟಕಿಯ ಕಡೆ ನೋಡಲಿಲ್ಲ. ಆ ದಿನದಿಂದ ಶಾಲೆಯಲ್ಲಿ ಇಲ್ಲದ ಮಮತಾಳಿಗೆ ಹಾಜರಿ ಬೀಳುತ್ತಿದೆ.

ರೂಪಶ್ರೀ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗಳು. ತಾಯಿಯ ಜೊತೆ ಮಾತೂ ಶುರುವಾಗಿದೆ.

ಕಳೆದ ವಾರ ಮಮತಾಳ ತಾಯಿ ಮೆಕ್ಕೆಜೋಳದ ಕೊಯ್ಲು ಮುಗಿಸಿಕೊಂಡು ಜಗಳೂರು ಕಡೆಯಿಂದ ಸುಲಿಯುವ ಹೆಂಗಸರ ಜೊತೆ ಬಂದಿಳಿದಳು. ಬಸ್ಸಿಳಿದವಳು ಮಗಳನ್ನು ಹುಡುಕಿಕೊಂಡು ಹೇಮಾವತಿಯ ಮನೆಗೆ ಬಂದಳು. ಭಾನುವಾರವಾದ್ದರಿಂದ ಹೇಮಾವತಿ ಮನೆಯಲ್ಲಿದ್ದಳು, ನಾನೂ ಕಟ್ಟೆಯ ಮೇಲಿದ್ದೆ. ಮಮತಾಳ ತಾಯಿ ಕೈಯಲ್ಲಿ ಒಂದು ಚೀಲ ಶೇಂಗಾ ತಂದಿದ್ದಳು. ಅದನ್ನು ಹೇಮಾವತಿಯ ಮುಂದಿಟ್ಟು ಕೈ ಮುಗಿದಳು.

"ನನ್ನ ಮಗಳಿಗೆ ಹೊತ್ತು ಹೊತ್ತಿಗೆ ಉಣ್ಣಾಕೆ ಇಕ್ತೀರಂತೆ ಅಕ್ಕಾರೇ, ಅವರಜ್ಜಿ ಫೋನಾಗೆ ಹೇಳಿದ್ಲು. ನಾವು ದೂರ ಇರೋರು. ನಿಮ್ಮಂಥೋರು ಅದೀರಿ ಅಂತ ಧೈರ್ಯ."

ಹೇಮಾವತಿ ಶೇಂಗಾದ ಚೀಲ ಮುಟ್ಟಲಿಲ್ಲ. ಮಮತಾ ಓಂಕಾರನನ್ನು ಸೊಂಟಕ್ಕೇರಿಸಿಕೊಂಡು ತಾಯಿಯ ಪಕ್ಕ ಬಂದು ನಿಂತಳು. ತಾಯಿ ಅವಳ ತಲೆ ಸವರಿದಳು.

"ಓದಾಕೆ ಹೆಂಗವಳೆ ಅಕ್ಕಾರೇ ನಮ್ಮ ಹುಡುಗಿ? ನಮಗೆ ಅಕ್ಷರ ಗೊತ್ತಿಲ್ಲ, ನೀವೇ ಹೇಳಬೇಕು."

ಹೇಮಾವತಿ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

"ಚೆನ್ನಾಗಿ ಓದ್ತಾಳೆ ಕಣಮ್ಮ" ಅಂದಳು ಹೇಮಾವತಿ.